ರಿಜಿಸ್ಟರ್ ಆಫೀಸಿನ ಬಾಗಿಲು, ಚರ್ಚಿನ ಬಾಗಿಲು: ಬೀದರಿನ ತಂಗಿಗೆ ಉತ್ತರ

ತಂಗಿ,

ಮಂಗಲಪೇಟೆಯಿಂದ ಇಂಗ್ಲೆಂಡಿಗೆ ನರ್ಸಾಗಿ ಬಂದು ಆರು ವಾರವಾಯ್ತು ಅಂತ ಬರೆದಿದ್ದೀ. ಬಾಡಿಗೆ ಮನೆ ಕೇಳಿದ್ದೀ, ಜೋಳದ ಹಿಟ್ಟು ಕೇಳಿದ್ದೀ. ಆಮೇಲೆ ಸಂಕೋಚದಿಂದ ಇನ್ನೆರಡು ಕೇಳಿದ್ದೀ: ಇಲ್ಲಿನ ಮೆಥೋಡಿಸ್ಟ್ ಚರ್ಚಿನ ಬೋರ್ಡಿನಲ್ಲಿ ಇಬ್ಬರು ಹೆಂಗಸರ ಮದುವೆಯ ಆಮಂತ್ರಣ ಹಚ್ಚಿದ್ದಾರೆ, ಇನ್ನು ಅಲ್ಲಿ ಆರಾಧನೆಗೆ ಹೋಗಬಹುದಾ? ವಾರ್ಡಿನಲ್ಲಿ ಯಾರಾದರೂ ಈ ಬಗ್ಗೆ ಕೇಳಿದಾಗ ನನ್ನ ನಂಬಿಕೆ ಖರೆ ಹೇಳಿದರೆ ಕೆಲಸ ಹೋಗುತ್ತದಾ?

ಹಿಟ್ಟು ಗುಜರಾತಿ ಅಂಗಡಿಯಲ್ಲಿ ಸಿಗುತ್ತದೆ, ಜುವಾರ್ ಅಂತ ಕೇಳು. ಮನೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಕೊಡಬೇಡ. ಕೊಟ್ಟದ್ದನ್ನು ಮಾಲೀಕರು 30 ದಿನದೊಳಗೆ ಸರ್ಕಾರ ಒಪ್ಪಿದ ಯೋಜನೆಯಲ್ಲಿ ಇಟ್ಟರಾ ಅಂತ ಕಾಗದ ಕೇಳು. ಅದಿಷ್ಟು ಸಾಕು.

ಉಳಿದದ್ದಕ್ಕೆ ಬರುತ್ತೇನೆ. ನಮ್ಮ ಕಡೆ ಕ್ರೈಸ್ತರ ಮದುವೆ 1872ರ ಕಾಯ್ದೆಯಂತೆ ನಡೆಯುತ್ತದೆ. ಸಭಾಪಾಲಕರು ವಾಗ್ದಾನ ಮಾಡಿಸುತ್ತಾರೆ, ಅವರ ರಿಜಿಸ್ಟರಿನಲ್ಲೇ ಸಹಿ ಬೀಳುತ್ತದೆ, ಸರ್ಕಾರಕ್ಕೂ ಅದೇ ಮದುವೆ. ಹಿಂದೂಗಳ ಸಪ್ತಪದಿಗೂ 1955ರ ಕಾಯ್ದೆಯಲ್ಲೇ ಜಾಗವಿದೆ. ದೇವರ ಮುಂದಿನ ಮಾತೂ ಸರ್ಕಾರದ ಕಾಗದವೂ ಒಂದೇ ಗಂಟಿನಲ್ಲಿ ಕಟ್ಟಿರುವುದನ್ನು ನೋಡಿ ಬೆಳೆದವರು ನಾವು. ಹಾಗಾಗಿ ಸಲಿಂಗಿಗಳ ಮದುವೆಗೆ ಕಾನೂನು ಒಪ್ಪಿತು ಅಂದ ಕೂಡಲೇ, ಸತ್ಯವೇದವನ್ನೇ ತಿದ್ದಿದರು ಅನ್ನುವಂತೆ ನಮಗೆ ಕೇಳಿಸುತ್ತದೆ.

ಇಲ್ಲಿ ಬಾಗಿಲು ಎರಡು. ಒಂದು ರಿಜಿಸ್ಟರ್ ಆಫೀಸು. ಇಬ್ಬರೂ ಖುದ್ದು ಹೋಗಿ ನೋಟಿಸು ಕೊಡಬೇಕು, ಅದು 28 ಪೂರ್ತಿ ದಿನ ಎಲ್ಲರಿಗೂ ಕಾಣುವಂತೆ ಇರುತ್ತದೆ, ಆಮೇಲೆ ಇಬ್ಬರು ಸಾಕ್ಷಿಗಳ ಮುಂದೆ ಮದುವೆ. ನೋಟಿಸು 12 ತಿಂಗಳು ಬಾಳುತ್ತದೆ. ನಮ್ಮಂಥ ವೀಸಾದವರಿದ್ದರೆ ಗೃಹ ಇಲಾಖೆ ಆ 28 ದಿನವನ್ನು 70ಕ್ಕೆ ಏರಿಸಬಹುದು, ಛತ್ರ ಬುಕ್ ಮಾಡಿ ಕೈ ಸುಟ್ಟುಕೊಳ್ಳುವವರು ಇದನ್ನು ತಿಳಿಯದವರೇ. ನಮ್ಮ 1954ರ ವಿಶೇಷ ವಿವಾಹ ಕಾಯ್ದೆಯ 30 ದಿನದ ನೋಟಿಸಿನ ಒಡಹುಟ್ಟು ಇದು. ಆದರೆ ಊರಲ್ಲಿ ಬೋರ್ಡಿನ ಕಾಗದ ನೋಡಿ, ಜಾತಿ ಮೀರಿದ ಜೋಡಿಯ ಮನೆಗೆ ಸುದ್ದಿ ಮುಟ್ಟಿಸುವವರಿರುತ್ತಾರೆ. ಇಲ್ಲಿಯ ರಿಜಿಸ್ಟರ್ ಆಫೀಸಿನ ಮದುವೆಯಲ್ಲಿ ಧರ್ಮಕ್ಕೆ ಜಾಗವೇ ಇಲ್ಲ. ನಾಳೆ ನಿನ್ನದೇ ಮದುವೆ ಅಲ್ಲಿ ಆದರೂ 23ನೇ ಕೀರ್ತನೆ ಓದಿಸಲು ಬಿಡರು.

ಎರಡನೆಯದು ಚರ್ಚಿನ ಬಾಗಿಲು. ಇಲ್ಲಿ ಸಲಿಂಗಿಗಳ ಮದುವೆಗೆ ಒಪ್ಪಿದ 2013ರ ಕಾಯ್ದೆ ಯಾವ ಸಭೆಯನ್ನೂ, ಯಾವ ಪಾದ್ರಿಯನ್ನೂ ಆ ಮದುವೆ ಮಾಡಿಸಲೇಬೇಕು ಅಂತ ಬಲವಂತ ಮಾಡುವುದಿಲ್ಲ. ಚರ್ಚ್ ಆಫ್ ಇಂಗ್ಲೆಂಡಿಗಂತೂ ಮಾಡಿಸಲು ಕಾನೂನಿನಲ್ಲೇ ಅವಕಾಶವಿಲ್ಲ. ಉಳಿದವರು ತಾವಾಗಿ ಒಪ್ಪಿದರೆ ಮಾತ್ರ. ಮೆಥೋಡಿಸ್ಟರು 2021ರ ಜೂನ್ 30ರಂದು ತಮ್ಮ ಸಮ್ಮೇಳನದಲ್ಲಿ 254ಕ್ಕೆ 46 ಮತಗಳಿಂದ ಒಪ್ಪಿದರು. ಆಗಲೂ ಒಂದೊಂದು ಚರ್ಚಿನ ಕಟ್ಟಡದ ಮಾತನ್ನು ಅಲ್ಲಿಯ ಟ್ರಸ್ಟಿಗಳೇ ತೀರ್ಮಾನಿಸಬೇಕು, ಒಪ್ಪದ ಪಾದ್ರಿ ಬೇಡ ಅನ್ನಬಹುದು. ನೀನು ನೋಡಿದ ಆಮಂತ್ರಣದ ಹಿಂದೆ ಇಷ್ಟು ಚರ್ಚೆ ನಡೆದಿದೆ. ನಮ್ಮ ಇಂಡಿಯಾದ ಮೆಥೋಡಿಸ್ಟ್ ಸಭೆ 1981ರಿಂದ ಸ್ವತಂತ್ರ, ಇವರ ತೀರ್ಮಾನ ಮಂಗಲಪೇಟೆಗೆ ಅನ್ವಯಿಸುವುದಿಲ್ಲ, ಅಪ್ಪನಿಗೆ ಧೈರ್ಯವಾಗಿ ಹೇಳು. ಆರಾಧನೆಗೆ ಹೋಗು. ಅಲ್ಲಿಯ ಬೆಂಚಿನಲ್ಲಿ ಒಪ್ಪುವವರೂ ಒಪ್ಪದವರೂ ಒಟ್ಟಿಗೆ ಕೂರುತ್ತಾರೆ.

ಕೆಲಸದ ಮಾತು. 2010ರ ಈಕ್ವಾಲಿಟಿ ಕಾಯ್ದೆ ನಿನ್ನ ನಂಬಿಕೆಯನ್ನೂ ಕಾಯುತ್ತದೆ, ಸಲಿಂಗಿಯನ್ನೂ ಕಾಯುತ್ತದೆ. ಎರಡೂ ತಾಗಿದಲ್ಲಿ ಗೆರೆ ಎಲ್ಲಿ ಬೀಳುತ್ತದೆ ಅಂತ ನೋಡಲು 2013ರ ಜನವರಿಯಲ್ಲಿ ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ಕೋರ್ಟು ಕೊಟ್ಟ ಒಂದೇ ತೀರ್ಪು ಸಾಕು. ವಿಮಾನ ಕಂಪನಿಯ ಕೌಂಟರಿನಲ್ಲಿ ಕೊರಳಿಗೆ ಶಿಲುಬೆ ಹಾಕಿದಾಕೆ ಗೆದ್ದಳು. ಸಲಿಂಗಿ ಜೋಡಿಗಳ ನೋಂದಣಿ ಮಾಡಲಾರೆ ಅಂದ ರಿಜಿಸ್ಟ್ರಾರ್ ಸೋತಳು. ಅದೇ ತೀರ್ಪಿನಲ್ಲಿ ಒಬ್ಬ ನರ್ಸೂ ಸೋತಳು: ಶಿಲುಬೆಯ ಸರವನ್ನು ರೋಗಿ ಹಿಡಿದೆಳೆಯಬಹುದು, ಗಾಯಕ್ಕೆ ತಾಗಬಹುದು ಅನ್ನುವುದು ಆಸ್ಪತ್ರೆಯ ಕಾರಣ. ಆದ್ದರಿಂದ ನಿನ್ನ ಸರ ಡ್ಯೂಟಿಯಲ್ಲಿ ಬೇಡ. ಬ್ಯಾಡ್ಜಿನ ಪಟ್ಟಿಗೆ ಪಿನ್ ಹಾಕಿಕೊಳ್ಳಬಹುದಾ ಅಂತ ವಾರ್ಡ್ ಮ್ಯಾನೇಜರನ್ನು ಕೇಳು.

ನರ್ಸಿಂಗ್ ಕೌನ್ಸಿಲ್ಲಿನ ಕೋಡಿನಲ್ಲಿ, ಅಂದರೆ ನರ್ಸುಗಳ ನಡವಳಿಕೆಯ ನಿಯಮಗಳಲ್ಲಿ, 20.7 ಓದು: ಧರ್ಮ, ರಾಜಕೀಯ, ನೀತಿಯ ಸ್ವಂತ ನಂಬಿಕೆಯನ್ನು ಸಲ್ಲದ ರೀತಿಯಲ್ಲಿ ಯಾರ ಮುಂದೆಯೂ ಹೇಳಿಕೊಳ್ಳುವಂತಿಲ್ಲ. ಮನಸ್ಸಾಕ್ಷಿಯ ಕಾರಣಕ್ಕೆ ಹಿಂದೆ ಸರಿಯಲು ಅವಕಾಶವಿರುವುದು ಗರ್ಭಪಾತ ಮತ್ತು ಕೃತಕ ಗರ್ಭಧಾರಣೆಯ ಕೆಲಸಗಳಲ್ಲಿ ಮಾತ್ರ. ರೋಗಿ ಯಾರನ್ನು ಮದುವೆಯಾಗಿದ್ದಾರೆ ಅನ್ನುವುದು ಆ ಪಟ್ಟಿಯಲ್ಲಿಲ್ಲ. ಚಹಾ ಕುಡಿಯುವಾಗ ಗೆಳತಿ ಕೇಳಿದರೆ, ನನ್ನ ಸಭೆಯ ಬೋಧನೆ ಹೀಗೆ ಅಂತ ಶಾಂತವಾಗಿ ಹೇಳಿದ್ದಕ್ಕಷ್ಟೇ ಸಾಮಾನ್ಯವಾಗಿ ಕೆಲಸ ಹೋಗದು. ರೋಗಿಯ ಹಾಸಿಗೆ ಪಕ್ಕ ಆ ಮಾತು ಎತ್ತಲೇಬೇಡ.

ಹಾಸಿಗೆ ಪಕ್ಕ ನಿನ್ನ ಕೈಯಲ್ಲಿರುವುದು ದಾಖಲಾತಿಯ ಫಾರಂ. ಹತ್ತಿರದ ಸಂಬಂಧಿ ಯಾರು ಅನ್ನುವ ಖಾನೆಗೆ ಊರಲ್ಲಿ ಅಪ್ಪ, ಅಣ್ಣ, ಗಂಡ ಅಂತ ನಾವೇ ತುಂಬಿಬಿಡುತ್ತೇವೆ. ಇಲ್ಲಿ ರೋಗಿ ಯಾರ ಹೆಸರು ಹೇಳಿದರೂ ಅದೇ ಹೆಸರು. ಎಪ್ಪತ್ತರ ಮುದುಕ ನನ್ನ ಗಂಡ ಅಂತ ಇನ್ನೊಬ್ಬ ಮುದುಕನ ಹೆಸರು ಹೇಳಿದರೆ, ಗೆಳೆಯ ಅಂತ ತಿದ್ದಬೇಡ, ಎರಡನೇ ಸಲ ಕೇಳಲೂ ಬೇಡ. ಆ ಹೆಸರಿದ್ದ ಮಾತ್ರಕ್ಕೆ ಅವರು ಚಿಕಿತ್ಸೆಗೆ ಒಪ್ಪಿಗೆ ಸಹಿ ಹಾಕುವಂತಿಲ್ಲ, ಅದಕ್ಕೆ ಬೇರೆ ಅಧಿಕಾರಪತ್ರ ಬೇಕು. ಇದನ್ನು ಗಂಡಹೆಂಡಿರಿಗೂ ಹೇಳಬೇಕಾಗುತ್ತದೆ.

ಈಗ ನನಗೆ ತಡವಾಗಿ ತಿಳಿದ ಮಾತು. ನಾನು ಬಂದಾಗ ಸಲಿಂಗಿಗಳ ಮದುವೆಯ ಆ ಕಾಯ್ದೆ ಪಾರ್ಲಿಮೆಂಟಿನಲ್ಲಿತ್ತು, 2013ರ ಫೆಬ್ರವರಿ 5ರಂದು ಕೆಳಮನೆಯಲ್ಲಿ 400 ಪರ, 175 ವಿರುದ್ಧ. 2005ರ ಡಿಸೆಂಬರಿನಿಂದಲೇ ಇಲ್ಲಿ ಸಲಿಂಗಿಗಳಿಗೆ ಸಿವಿಲ್ ಪಾರ್ಟ್ನರ್‌ಶಿಪ್, ಅಂದರೆ ಮದುವೆ ಅನ್ನದೆ ಸರ್ಕಾರ ನೋಂದಾಯಿಸುವ ಸಂಬಂಧ, ಇತ್ತು, ಆಸ್ತಿಯ ಹಕ್ಕು ಅದರಲ್ಲೇ ಸಿಕ್ಕಿತ್ತು. ಹಕ್ಕೆಲ್ಲ ಸಿಕ್ಕಿದೆಯಲ್ಲ, ಮದುವೆ ಅನ್ನುವ ಹೆಸರು ಯಾಕೆ ಬೇಕು ಅಂತ ಆಗ ನಾನೂ ಹೇಳಿದ್ದೆ. ನೀರು ಸಿಗುತ್ತದಲ್ಲ, ಬೇರೆ ಬಾವಿಯದಾದರೇನು ಅನ್ನುವ ಮಾತು ಕೇಳಿ ಕೇಳಿ ಸವೆದ ಕೇರಿಯಿಂದ ಬಂದ ನಾನು ಹಾಗೆ ಹೇಳಬಾರದಿತ್ತು. ಸಮಗಾರ ಹರಳಯ್ಯನ ಮನೆಗೂ ಮಧುವರಸನ ಮನೆಗೂ ಮದುವೆ ಕೂಡಿದ್ದಕ್ಕೆ ಕಲ್ಯಾಣದಲ್ಲಿ ರಕ್ತ ಹರಿದ ಕಥೆ ಹೇಳಿಕೊಂಡು ಬೆಳೆದ ಜಿಲ್ಲೆ ನಮ್ಮದು. ಸತ್ಯವೇದದ ನನ್ನ ಓದು ಈಗಲೂ ಅಷ್ಟೇನೂ ಬದಲಾಗಿಲ್ಲ. ಆದರೆ ನನ್ನ ಓದು ಇನ್ನೊಬ್ಬರ ರಿಜಿಸ್ಟರಿನ ಮೇಲೆ ಬೀಗವಾಗಬಾರದು ಅಂತ ಈಗ ಮನಸಾರೆ ನಂಬುತ್ತೇನೆ. ಆ ದಿನ ಆಡಿದ ಮಾತು ಮಾತ್ರ ಇನ್ನೂ ಚುಚ್ಚುತ್ತದೆ.

ಇಂಡಿಯಾದಲ್ಲೂ ಇದೆಲ್ಲ ಆಗಿಹೋಯಿತಾ ಅಂತ ಮನೆಯಲ್ಲಿ ಕೇಳಿದರೆ ಸರಿಯಾಗಿ ಹೇಳು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಹೇಳಿದ್ದು ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಅಂತ. ಮದುವೆಯ ಹಕ್ಕನ್ನು 2023ರ ಅಕ್ಟೋಬರ್ 17ರಂದು ಅದೇ ಕೋರ್ಟು ಕೊಡಲಿಲ್ಲ, ಅದು ಸಂಸತ್ತಿನ ಕೆಲಸ ಅಂದಿತು. ಊರಿನಿಂದ ಯಾರಾದರೂ ಗುಟ್ಟಾಗಿ ಫೋನ್ ಮಾಡಿ ತಮ್ಮದೇ ಸಂಕಟ ಹೇಳಿಕೊಂಡರೆ, ಮದುವೆಯಾದರೆ ಸರಿಹೋಗುತ್ತದೆ ಅಂತ ಮಾತ್ರ ಹೇಳಬೇಡ. ಸರಿಹೋಗದು, ಇನ್ನೊಂದು ಹೆಣ್ಣಿನ ಬಾಳೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಇನ್ನೊಂದು ಕೆಲಸ ಈ ವಾರವೇ ಮಾಡು. ಮಂಗಲಪೇಟೆಯ ಸಭಾಪಾಲಕರಿಂದ ಸದಸ್ಯತ್ವದ ಪತ್ರ ತರಿಸಿಕೊಂಡು ಇಲ್ಲಿಯ ಚರ್ಚಿಗೆ ಕೊಡು. ಸದಸ್ಯಳಾದರೆ ಸಭೆಯಲ್ಲಿ ಎದ್ದು ನಿನ್ನ ಮಾತು ಹೇಳಬಹುದು, ಆ ಇಬ್ಬರು ಹೆಂಗಸರೂ ಅಲ್ಲೇ ಕೂತಿರುತ್ತಾರೆ, ಅವರ ಮಾತನ್ನೂ ಕೇಳಬಹುದು.