ಮಾಲ್ಡೀವ್ಸ್‌ಗೆ ಒಲ್ಲೆ ಎಂದ ಟೀಚರ್: ಒಂದು ಆಪ್ತಸಲಹೆ ಪ್ರಕರಣ

ಇದು ಆಪ್ತಸಲಹೆಗೆಂದು ನನ್ನ ಬಳಿ ಬಂದ ಕಲಬುರಗಿಯ ಗಂಡ ಹೆಂಡತಿಯ ಕಥೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಕಲಬುರಗಿಯನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಆ ಊರಿನಿಂದ ಹೊರಡುವುದು ಎಂದರೆ ಏನು ಎಂದು ಗೊತ್ತಿಲ್ಲದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ.

ಗಂಡನಿಗೆ 54 ವರ್ಷ, ತೊಗರಿ ಬೇಳೆ ಮಿಲ್ ಇದೆ. ಹೆಂಡತಿಗೆ 48, ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಟೀಚರ್. ಮದುವೆಯಾಗಿ 25 ವರ್ಷ ತುಂಬುತ್ತಿತ್ತು. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಮನೆಯಲ್ಲಿ ಗಂಡನ ತಾಯಿ ಇದ್ದಾರೆ, 80 ದಾಟಿದವರು. ಇಬ್ಬರನ್ನೂ ನನ್ನ ಬಳಿ ಕಳಿಸಿದ್ದು ಮಗಳು.

ಬಂದು ಕುಳಿತ ಕೂಡಲೇ ಯಜಮಾನರು ಶುರು ಮಾಡಿದರು. "ಮೇಡಂ, ಇಪ್ಪತ್ತೈದು ವರ್ಷ ಎಲ್ಲಿಗೂ ಒಯ್ಯಲಿಲ್ಲ ಅಂತ ಬೈದಳ್ರಿ. ಈಗ ಮಾಲ್ಡೀವ್ಸ್‌ಗೆ ಒಯ್ತೀನಿ ಅಂದ್ರ ಒಲ್ಲೆ ಅಂತಾಳ." ನೀರಿನ ಮೇಲೆ ಕಟ್ಟಿದ ವಿಲ್ಲಾ, ನಾಲ್ಕು ರಾತ್ರಿ, ಹೋಗಿಬರಲು ಸೀಪ್ಲೇನ್, ಅಂದರೆ ನೀರಿನ ಮೇಲೇ ಇಳಿದು ಏಳುವ ಪುಟ್ಟ ವಿಮಾನ. ಜುಲೈಗೆ ಬುಕ್ ಮಾಡಿ ಐದೂವರೆ ಲಕ್ಷ ಕಟ್ಟಿಬಿಟ್ಟಿದ್ದರು. ಹೆಂಡತಿಗೆ ಹೇಳಿದ್ದು ದುಡ್ಡು ಕಟ್ಟಿದ ಮೇಲೆ. ಸರ್‌ಪ್ರೈಸ್ ಅಂತೆ.

ಟೀಚರ್ ಏನೂ ಮಾತಾಡಲಿಲ್ಲ. ಕೇಳಿದರೆ ಒಂದೇ ಉತ್ತರ: "ಅವರಿಷ್ಟ."

ನಾನು ಮೊದಲು ತಪ್ಪಾಗಿ ಊಹಿಸಿದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಅತ್ತೆಯನ್ನು ಬಿಟ್ಟು ಹೋಗುವ ಚಿಂತೆ ಇರಬೇಕು, ಇಲ್ಲವೇ ಇಷ್ಟು ದುಡ್ಡು ಸುಮ್ನೆ ಹಾಳು ಎಂಬ ಸಂಕಟ ಇರಬೇಕು ಎಂದುಕೊಂಡೆ. ಅರ್ಧ ಗಂಟೆ ಆ ದಾರಿಯಲ್ಲೇ ಪ್ರಶ್ನೆ ಕೇಳಿದೆ. ಅತ್ತೆಯ ವಿಷಯ ಬಂದಾಗ ಟೀಚರ್‌ಗೆ ನಗು ಬಂತು. ಆ ಅಜ್ಜಿ "ಹೋಗಿ ಬರ್ರಿ, ನಾಕು ದಿನಕ್ಕ ನಾ ಏನ್ ಸಾಯಂಗಿಲ್ಲ" ಎಂದು ಆಗಲೇ ಅಪ್ಪಣೆ ಕೊಟ್ಟಾಗಿತ್ತು. ನಾದಿನಿ ಬಂದು ಇರುವುದಾಗಿ ಒಪ್ಪಿಯೂ ಆಗಿತ್ತು.

ಎರಡನೇ ಸಲ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿದೆ. ದಂಪತಿ ಬಂದಾಗ ಇದನ್ನು ನಾನು ಬಿಡುವುದಿಲ್ಲ. ಗಂಡನ ಜೊತೆ ಒಬ್ಬಳೇ ದೂರ ಹೋಗಲು ಹೆಂಗಸು ಹಿಂಜರಿದರೆ ಹೆದರಿಕೆಯೇನಾದರೂ ಇದೆಯಾ ಎಂದು ಮೊದಲು ನೋಡಬೇಕು. ಹೊಡೆತ, ಬೆದರಿಕೆ, ಅನುಮಾನ, ಇದೆಲ್ಲ ನೇರವಾಗಿಯೇ ಕೇಳಿದೆ. ಅಂಥದ್ದೇನೂ ಇರಲಿಲ್ಲ. ಇದ್ದಿದ್ದರೆ ನನ್ನ ಸಲಹೆಯೇ ಬೇರೆ ಇರುತ್ತಿತ್ತು, ಪ್ರವಾಸದ ಮಾತೇ ಎತ್ತುತ್ತಿರಲಿಲ್ಲ.

ಆಮೇಲೆ ಟೀಚರ್ ನಿಜ ಹೇಳಿದರು. "ಆ ವಿಡಿಯೋ ನೋಡೀನಿ ಮೇಡಂ. ಒಂದು ನಡುಗಡ್ಡಿಗೆ ಒಂದೇ ಹೋಟೆಲ್. ಅಂಗಡಿ ಇಲ್ಲ, ಗುಡಿ ಇಲ್ಲ, ಮಂದಿ ಇಲ್ಲ. ಮೂರು ಕಡೆ ನೀರು, ನಡುವ ನಾವಿಬ್ರೇ. ನಾಕು ದಿನ ಇವರ ಜೋಡಿ ನಾ ಏನ್ ಮಾತಾಡ್ಲಿ?"

ಇಷ್ಟೇ ವಿಷಯ. ಆಕೆಗಿದ್ದದ್ದು ಸಮುದ್ರದ ಭಯ ಅಲ್ಲ. 25 ವರ್ಷದಲ್ಲಿ ಇವರಿಬ್ಬರೇ ಒಂದು ರಾತ್ರಿಯೂ ಎಲ್ಲೂ ಉಳಿದಿರಲಿಲ್ಲ. ತಿರುಪತಿಗೆ ಹೋದರೂ ಹನ್ನೊಂದು ಮಂದಿ. ಗಂಡ ಮಾತ್ರ ಒಮ್ಮೆ ಡೀಲರ್‌ಗಳ ಗುಂಪಿನಲ್ಲಿ ಬ್ಯಾಂಕಾಕ್ ನೋಡಿ ಬಂದಿದ್ದರು. (ಆ ಬ್ಯಾಂಕಾಕ್ ವಿಷಯ ನಮ್ಮ ಮಾತುಕತೆಯಲ್ಲಿ ಐದಾರು ಸಲವಾದರೂ ಬಂತು.) ಮಾಲ್ಡೀವ್ಸ್ ರೆಸಾರ್ಟ್‌ಗಳು 1972ರಿಂದಲೂ ಈ ಒಂದು ದ್ವೀಪ, ಒಂದು ರೆಸಾರ್ಟ್ ಲೆಕ್ಕದಲ್ಲೇ ಬೆಳೆದಿವೆ. ಅಲ್ಲಿಗೆ ಹೋಗುವವರು ಕೊಡುವ ದುಡ್ಡು ಆ ಏಕಾಂತಕ್ಕೇ. ಈ ಟೀಚರ್‌ಗೆ ಬೇಡವಾಗಿದ್ದದ್ದೂ ಅದೇ ಏಕಾಂತ.

ಯಜಮಾನರ ಮಾತು ಇನ್ನೊಂದು ಕಡೆ ಹೋಯಿತು. ನಲವತ್ತು ನಿಮಿಷ ಮಿಲ್, ಬ್ಯಾಂಕು, ತೊಗರಿ ರೇಟು ಎಲ್ಲ ಮುಗಿದ ಮೇಲೆ ಹಿಂದಿನ ವರ್ಷ ತೀರಿಕೊಂಡ ಗೆಳೆಯನ ಹೆಸರು ಬಂತು. ಗಂಜ್‌ನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ಪಕ್ಕದ ಅಂಗಡಿಯವರು, ಒಂದೇ ವಯಸ್ಸು, ಬೆಳಿಗ್ಗೆ ಎದೆನೋವು ಎಂದವರು ಮಧ್ಯಾಹ್ನಕ್ಕೆ ಇಲ್ಲ. "ಅಂವ ಹೋದ ಮ್ಯಾಲ ರಾತ್ರಿ ಎರಡಕ್ಕ ಎಚ್ಚರ ಆಗ್ತದ್ರಿ. ಆಮ್ಯಾಲ ನಿದ್ದಿ ಇಲ್ಲ." ಇದನ್ನು ಹೆಂಡತಿಗೆ ಹೇಳಿದ್ದೀರಾ ಎಂದರೆ, ಇಲ್ಲ. ಯಾಕೆ ಎಂದರೆ, "ಅಕಿಗಿ ಯಾಕ್ ತ್ರಾಸ." ಹೇಳುವ ಬದಲು ಐದೂವರೆ ಲಕ್ಷ ಕಟ್ಟಿದ್ದರು.

ಇಲ್ಲಿ ನನ್ನ ಎದುರು ಎರಡು ದಾರಿ ಇದ್ದವು. ಬುಕಿಂಗ್ ರದ್ದು ಮಾಡಿಸಿ ಮಾತುಕತೆ ಮುಂದುವರಿಸುವುದು ಒಂದು. ಆ ಪ್ರವಾಸವನ್ನೇ ಹಿಡಿದುಕೊಂಡು ಇಬ್ಬರನ್ನೂ ಒಟ್ಟಿಗೆ ಕೆಲಸಕ್ಕೆ ಹಚ್ಚುವುದು ಇನ್ನೊಂದು. ನಾನು ಎರಡನೆಯದನ್ನು ಆರಿಸಿದೆ. "ನಿಮ್ಮ ಭಾವನೆ ಹಂಚಿಕೊಳ್ಳಿ" ಎಂದರೆ ಇಂಥವರು ಎದ್ದು ಮನೆಗೆ ಹೋಗುತ್ತಾರೆ. ಟಿಕೆಟ್ ನೋಡಿ, ಬಿಲ್ ನೋಡಿ ಎಂದರೆ ಕೂರುತ್ತಾರೆ.

ಎರಡೇ ನಿಯಮ ಹಾಕಿದೆ. ರಾತ್ರಿ ಊಟದ ಮೇಲೆ ಇಪ್ಪತ್ತು ನಿಮಿಷ ಇಬ್ಬರೂ ಕೂತು ಆ ಬುಕಿಂಗ್ ಕಾಗದ ಓದಬೇಕು, ಪ್ರತಿಯೊಬ್ಬರೂ ಏಜೆಂಟ್‌ಗೆ ಕೇಳಲು ದಿನಕ್ಕೊಂದು ಪ್ರಶ್ನೆ ಬರೆಯಬೇಕು. ಎರಡು ತಿಂಗಳು ಯಜಮಾನರು ಒಬ್ಬರೇ ಏನೂ ನಿರ್ಧರಿಸಬಾರದು, ಟೀಚರ್ "ನಿಮ್ಮಿಷ್ಟ" ಎನ್ನಬಾರದು. ಎರಡನೆಯದರ ಉತ್ತರಾರ್ಧವೇ ಹೆಚ್ಚು ಕಷ್ಟವಾಯಿತು. ಈ "ನಿಮ್ಮಿಷ್ಟ" ನೋಡಲು ಒಪ್ಪಿಗೆಯ ಹಾಗೆ ಇರುತ್ತದೆ, ಆದರೆ ಎಷ್ಟೋ ಮನೆಗಳಲ್ಲಿ ಅದು ಬಾಗಿಲು ಹಾಕಿಕೊಳ್ಳುವ ಮಾತು. ಮುಂದೆ ಏನಾದರೂ ಕೆಟ್ಟರೆ ಹೊಣೆ ನನ್ನದಲ್ಲ ಎಂದು ಮೊದಲೇ ಹೇಳಿಟ್ಟ ಹಾಗೆ. ಟೀಚರ್‌ಗೆ ಇದನ್ನು ಹೀಗೇ ಹೇಳಿದೆ. ಸ್ವಲ್ಪ ಸಿಟ್ಟು ಬಂತು, ಆಮೇಲೆ ಒಪ್ಪಿದರು.

ಒಂದೇ ವಾರದಲ್ಲಿ ಆ ಬುಕಿಂಗ್‌ನ ತೂತುಗಳು ಕಾಣತೊಡಗಿದವು. ಟೀಚರ್ ಬಳಿ ಪಾಸ್‌ಪೋರ್ಟೇ ಇರಲಿಲ್ಲ. "ಆಮೇಲೆ ಕೊಡಿ" ಎಂದಿದ್ದನಂತೆ ಏಜೆಂಟ್. ಸರ್ಕಾರಿ ನೌಕರರು ಪಾಸ್‌ಪೋರ್ಟ್ ಮಾಡಿಸಲು ಇಲಾಖೆಗೆ ಮೊದಲೇ ತಿಳಿಸಬೇಕು, ವಿದೇಶಕ್ಕೆ ಹೋಗಲು ಅನುಮತಿ ತೆಗೆದುಕೊಳ್ಳಬೇಕು. ಇದಕ್ಕೆ ವಾರಗಳೇ ಬೇಕು. ಜುಲೈ ಎಂದರೆ ಶಾಲೆ ಶುರುವಾಗಿ ಒಂದು ತಿಂಗಳು, ರಜೆ ಸಿಗುವುದು ಕಷ್ಟ. ಮಿಲ್‌ಗೆ ಮಾತ್ರ ಅದು ಬಿಡುವಿನ ಕಾಲ. "ನನ್ನ ರಜಾ ಯಾವಾಗ ಅಂತನೂ ಕೇಳಿಲ್ಲ ನೋಡ್ರಿ" ಎಂದು ಟೀಚರ್ ನನ್ನ ಎದುರೇ ಹೇಳಿದರು. ಅಷ್ಟು ದಿನದಲ್ಲಿ ಅವರ ಮೊದಲ ದೂರು ಅದು. ನನಗೆ ಸಮಾಧಾನವಾಯಿತು. ದೂರು ಹೇಳುವವರ ಜೊತೆ ಕೆಲಸ ಮಾಡಬಹುದು.

ಜುಲೈಯಲ್ಲಿ ರೇಟು ಕಡಿಮೆ ಯಾಕೆ ಎಂಬುದೂ ಆಗಲೇ ಗೊತ್ತಾಯಿತು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಲ್ಲಿ ನೈಋತ್ಯ ಮುಂಗಾರು, ನಮ್ಮ ಕರಾವಳಿಗೆ ಬರುವ ಮಳೆಯೇ. ಬಿಸಿಲಿನ ಕಾಲ ಜನವರಿಯಿಂದ ಏಪ್ರಿಲ್. ಜನವರಿ, ಫೆಬ್ರವರಿಯಲ್ಲಿ ಗಂಜ್‌ಗೆ ತೊಗರಿ ಬರುವ ಭರಾಟೆ, ಮಿಲ್ ಬಿಡುವ ಹಾಗಿಲ್ಲ. ಲೆಕ್ಕ ಹಾಕಿದರೆ ಇಬ್ಬರಿಗೂ ಹೊಂದುವುದು ಏಪ್ರಿಲ್ ನಡುವಿನ ಎರಡು ವಾರ ಮಾತ್ರ, ಆಗ ಶಾಲೆಗೂ ಬೇಸಿಗೆ ರಜೆ. ಕ್ಯಾಲೆಂಡರ್ ಮೇಲೆ ಅದನ್ನು ಇಬ್ಬರೂ ಸೇರಿ ಹುಡುಕಿದ್ದು. ಇಪ್ಪತ್ತೈದು ವರ್ಷದಲ್ಲಿ ಇಬ್ಬರ ಕೆಲಸದ ದಿನಗಳನ್ನು ಒಂದೇ ಹಾಳೆಯಲ್ಲಿ ಇಟ್ಟು ನೋಡಿದ್ದು ಅದೇ ಮೊದಲಂತೆ.

ದೊಡ್ಡ ತೂತು ಸೀಪ್ಲೇನ್‌ನದು. ಅದು ಹಗಲು ಬೆಳಕಿದ್ದರೆ ಮಾತ್ರ ಹಾರುತ್ತದೆ. ಇವರ ವಿಮಾನ ಮಾಲ್ಡೀವ್ಸ್ ರಾಜಧಾನಿ ಮಾಲೆಯಲ್ಲಿ ಇಳಿಯುವುದು ಸಂಜೆ ಐದರ ಮೇಲೆ. ಅಂದರೆ ಮೊದಲ ರಾತ್ರಿ ಮಾಲೆಯಲ್ಲೋ ಪಕ್ಕದ ಹುಲ್ಹುಮಾಲೆಯಲ್ಲೋ ಬೇರೆ ರೂಮು ಹಿಡಿಯಬೇಕು, ರೆಸಾರ್ಟ್‌ಗೆ ಕಟ್ಟಿದ ಒಂದು ರಾತ್ರಿ ನೀರುಪಾಲು. ಏಜೆಂಟ್ ಇದನ್ನು ಹೇಳಿರಲಿಲ್ಲ. ಇದನ್ನು ಹಿಡಿದವರು ಟೀಚರ್. ಆ ದಿನ ಯಜಮಾನರ ಮುಖ ನೋಡಬೇಕಿತ್ತು, ಹೆಂಡತಿಯ ಬಗ್ಗೆ ಹೆಮ್ಮೆ, ಏಜೆಂಟ್ ಮೇಲೆ ಸಿಟ್ಟು, ಎರಡೂ ಒಟ್ಟಿಗೆ.

ತೆರಿಗೆ ಲೆಕ್ಕ ಯಜಮಾನರ ಪಾಲಿಗೆ ಬಂತು, ಅದು ಅವರಿಗೆ ಇಷ್ಟದ ಕೆಲಸ. ರೆಸಾರ್ಟ್‌ನಲ್ಲಿ ಹಸಿರು ತೆರಿಗೆ, ಅಂದರೆ ಪರಿಸರದ ಹೆಸರಿನಲ್ಲಿ ಪ್ರವಾಸಿಗರಿಗೆ ಹಾಕುವ ತೆರಿಗೆ, ಒಬ್ಬರಿಗೆ ಒಂದು ರಾತ್ರಿಗೆ 12 ಡಾಲರ್. ಊಟ, ಜ್ಯೂಸು, ಏನೇ ತೆಗೆದುಕೊಂಡರೂ ಬೆಲೆಯ ಮೇಲೆ 10 ಪರ್ಸೆಂಟ್ ಸರ್ವೀಸ್ ಚಾರ್ಜ್, ಅದರ ಮೇಲೆ 17 ಪರ್ಸೆಂಟ್ ತೆರಿಗೆ. ನೂರು ಡಾಲರ್ ಎಂದು ಬರೆದದ್ದು ಕೈಗೆ ಬರುವಾಗ 128 ದಾಟುತ್ತದೆ. ನೀವೂ ಹೋಗುವವರಾದರೆ ಏಜೆಂಟ್ ಹೇಳಿದ ಮೊತ್ತದಲ್ಲಿ ಇವೆಲ್ಲ ಸೇರಿವೆಯೇ, ದೋಣಿ ಅಥವಾ ಸೀಪ್ಲೇನ್ ಖರ್ಚು ಸೇರಿದೆಯೇ ಎಂದು ಬರಹದಲ್ಲಿ ಕೇಳಿ. ವೀಸಾ ಚಿಂತೆ ಇಲ್ಲ, ಇಳಿದ ಮೇಲೆ ಉಚಿತವಾಗಿಯೇ ಕೊಡುತ್ತಾರೆ. ಹೊರಡುವ ಮುಂಚಿನ 96 ಗಂಟೆಯೊಳಗೆ ಇಮುಗಾ ಎಂಬ ಆನ್‌ಲೈನ್ ಫಾರ್ಮ್ ತುಂಬಬೇಕು, ಅದಕ್ಕೂ ಶುಲ್ಕ ಇಲ್ಲ. ದುಡ್ಡು ಕೇಳುವ ತಾಣ ಬಂದರೆ ಅದು ಸರ್ಕಾರದ್ದಲ್ಲ.

ದಿನಾಂಕ ಬದಲಿಸಿದ್ದಕ್ಕೆ ನಲವತ್ತು ಸಾವಿರ ಹೋಯಿತು. ಹೋಗಲಿ ಎಂದೆ.

ಆದರೆ ಟೀಚರ್‌ನ ಮೂಲ ಪ್ರಶ್ನೆ ಹಾಗೇ ಇತ್ತಲ್ಲ, ಏನ್ ಮಾತಾಡ್ಲಿ? ಅದಕ್ಕೆ ಮೊದಲು ಬೀದರ್‌ಗೆ ಹೋಗಿ ಬನ್ನಿ ಎಂದೆ. ಇಬ್ಬರೇ, ಒಂದು ರಾತ್ರಿ. ಎರಡೂವರೆ ಗಂಟೆಯ ದಾರಿ, ಮನಸ್ಸು ಕೆಟ್ಟರೆ ವಾಪಸ್ ಬರಬಹುದು. ನಾಲ್ಕು ರಾತ್ರಿ ನೀರಿನ ನಡುವೆ ಇಳಿಯುವ ಮುಂಚೆ ಒಂದು ರಾತ್ರಿ ದಡದ ಮೇಲೆ ಅಭ್ಯಾಸ ಆಗಲಿ ಎಂದು.

ಬಂದು ಹೇಳಿದ್ದು ಹೀಗೆ. ಮೊದಲ ದಿನ ಸಂಜೆಗೇ ಮಾತು ಖಾಲಿ. ಮರುದಿನ ಮಹಮೂದ್ ಗವಾನ್ ಮದ್ರಸಾದ ಮುಂದೆ ನಿಂತಾಗ ಟೀಚರ್ ಪಾಠ ಶುರು ಮಾಡಿಬಿಟ್ಟರು. 1472ರಲ್ಲಿ ಕಟ್ಟಿದ್ದು, ಎರಡು ಮಿನಾರ್ ಇದ್ದವು, ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಒಂದು ಬಿತ್ತು, ಕಟ್ಟಿಸಿದ ಮಂತ್ರಿಯನ್ನು ಅವನ ಸುಲ್ತಾನನೇ ಕೊಲ್ಲಿಸಿದ. ಯಜಮಾನರು ಅರ್ಧ ಗಂಟೆ ನಿಂತೇ ಕೇಳಿದರಂತೆ. "ಇಕಿ ಇಷ್ಟು ಚಂದ ಹೇಳ್ತಾಳಂತ ಗೊತ್ತೇ ಇರಲಿಲ್ರಿ. ಸಾಲ್ಯಾಗಿನ ಹುಡುಗುರು ದಿನಾ ಕೇಳ್ತಾವ, ನಾ ಕೇಳಿರಲಿಲ್ಲ." ವಾಪಸ್ ಬರುವಾಗ ಕಾರಿನಲ್ಲಿ ಗೆಳೆಯನ ವಿಷಯ, ರಾತ್ರಿ ಎರಡು ಗಂಟೆಯ ವಿಷಯ ಹೇಳಿದರು. ನಾನು ಹೇಳಿಸಲಿಲ್ಲ. ಟೀಚರ್ ತಕ್ಷಣ ಕೇಳಿದ್ದು "ಬಿ.ಪಿ. ತೋರಿಸಿರೇನು?"

ಆಮೇಲೆ ಪ್ಲಾನ್ ತಾನಾಗಿ ಬದಲಾಯಿತು. ಸೀಪ್ಲೇನ್ ಬೇಕಾದ ದೂರದ ರೆಸಾರ್ಟ್ ಬಿಟ್ಟು, ಮಾಲೆಯಿಂದ ಸ್ಪೀಡ್‌ಬೋಟ್‌ನಲ್ಲಿ ಹೋಗಬಹುದಾದದ್ದಕ್ಕೆ ಬುಕಿಂಗ್ ಬದಲಿಸಿಕೊಂಡರು. ಎರಡು ರಾತ್ರಿ ಅಲ್ಲಿ ನೀರಿನ ವಿಲ್ಲಾ, ಅದು ಯಜಮಾನರ ಆಸೆ. ಅದಕ್ಕೂ ಮೊದಲು ಎರಡು ರಾತ್ರಿ ಮಾಫುಶಿಯಲ್ಲಿ, ಅದು ಟೀಚರ್‌ನ ಹಟ. ಮಾಫುಶಿ ಅಲ್ಲಿಯ ಜನರೇ ವಾಸಿಸುವ ದ್ವೀಪ. ಬೀದಿ, ಅಂಗಡಿ, ಮಸೀದಿ, ಮಕ್ಕಳು ಎಲ್ಲ ಇರುವ ಊರು, ಒಂದು ಜೈಲೂ ಇದೆ. ಅಲ್ಲಿ ಮದ್ಯ ಸಿಗುವುದಿಲ್ಲ, ಬಿಕಿನಿ ಹಾಕಲು ಬೇರೆಯೇ ಬೀಚ್ ಗುರುತಿಸಿದ್ದಾರೆ. ಸೀರೆಯಲ್ಲಿ ಓಡಾಡುವ ಟೀಚರ್‌ಗೆ ಅದೇ ಹಾಯೆನಿಸಿತು. ಇಬ್ಬರೂ ಸಸ್ಯಾಹಾರಿಗಳು. ರೆಸಾರ್ಟ್‌ಗೆ ಮೊದಲೇ ಬರೆದು ತಿಳಿಸಿ ಎಂದಿದ್ದೆ, ತಿಳಿಸಿದರು. ಆದರೂ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಹೋದವು.

ಹೋಗುವ ದಾರಿಯನ್ನೂ ಒಂದು ಗಡಿಬಿಡಿಯ ಓಟ ಮಾಡಬೇಡಿ ಎಂದಿದ್ದೆ. ಕಲಬುರಗಿಯವರಿಗೆ ವಿಮಾನದ ಎರಡು ಗಂಟೆ ಲೆಕ್ಕಕ್ಕಿಲ್ಲ, ವಿಮಾನದವರೆಗೆ ಹೋಗುವುದೇ ಪ್ರಯಾಣ. ರಾತ್ರಿ ರೈಲಿನಲ್ಲಿ ನಿದ್ದೆಗೆಟ್ಟು ನೇರ ದೇವನಹಳ್ಳಿಗೆ ಓಡುವ ಬದಲು ಬೆಳಗಿನ ವಂದೇ ಭಾರತ್ ಹಿಡಿದು ಯಲಹಂಕದಲ್ಲಿ ಇಳಿದರು. ಆ ರಾತ್ರಿ ಮಗಳ ಮನೆಯಲ್ಲಿ ಮಲಗಿ ಮರುದಿನ ಹಾರಿದರು. ರಾಯಚೂರು ದಾಟುವವರೆಗೆ ಯಜಮಾನರು ಮಿಲ್‌ಗೆ ಫೋನ್ ಮಾಡುತ್ತಲೇ ಇದ್ದರಂತೆ.

ಎಲ್ಲ ಸರಿಹೋಯಿತು ಅಂತೇನಿಲ್ಲ. ವಿಲ್ಲಾದಲ್ಲಿ ಎರಡನೇ ಸಂಜೆ ಆ ಫೋನಿನ ಮೇಲೆಯೇ ಜಗಳ. ಟೀಚರ್ ಒಬ್ಬರೇ ಹೊರಗೆ ಕಾಲು ನೀರಿಗೆ ಬಿಟ್ಟು ಕೂತರು, ಇವರು ಒಳಗೆ ಟಿವಿ. ಒಂದೂವರೆ ಗಂಟೆ ಆದ ಮೇಲೆ ಊಟಕ್ಕೆ ಒಟ್ಟಿಗೇ ಹೋದರು, ಅಷ್ಟೇ. ಬೀದರ್‌ನಲ್ಲಿ ಒಮ್ಮೆ ಮಾತು ಖಾಲಿಯಾಗಿ ಮತ್ತೆ ತುಂಬಿದ್ದನ್ನು ನೋಡಿದ್ದರಲ್ಲ, ಹಾಗಾಗಿ ಈ ಸಲ ಇಬ್ಬರೂ ಗಾಬರಿಯಾಗಲಿಲ್ಲ.

ಟೀಚರ್ ನನಗೆ ಜಾಸ್ತಿ ಹೇಳಿದ್ದು ಮಾಫುಶಿಯ ಬಗ್ಗೆ. ಮನೆಗಳ ಮುಂದೆ, ಕಡಲ ದಂಡೆಯಲ್ಲಿ ಕಬ್ಬಿಣದ ಚೌಕಟ್ಟಿಗೆ ಹಗ್ಗದ ಬಲೆ ಹೆಣೆದ ಕುರ್ಚಿಗಳು, ಸಂಜೆ ಅದರಲ್ಲಿ ಕೂತು ಜನ ಹರಟುತ್ತಾರೆ. ಅದಕ್ಕೆ ಏನೆನ್ನುತ್ತೀರಿ ಎಂದು ಇವರು ಒಬ್ಬ ಹೆಂಗಸನ್ನು ಕೇಳಿದರು. "ಜೋಲಿ ಅಂದ್ರು ಮೇಡಂ! ನಮ್ಮ ಜೋಲಿನೇ!" ಅಲ್ಲಿ ಇಬ್ಬರೂ ಎರಡು ಸಂಜೆ ಕೂತಿದ್ದರಂತೆ. ಏನು ಮಾತಾಡಿದಿರಿ ಎಂದು ನಾನು ಕೇಳಲಿಲ್ಲ.

ಬಂದ ಮೇಲೆ ಯಜಮಾನರು ಎದೆ ತಪಾಸಣೆ ಮಾಡಿಸಿಕೊಂಡರು. ಹೃದಯ ಸರಿ ಇದೆ, ಸಕ್ಕರೆ ಸ್ವಲ್ಪ ಜಾಸ್ತಿ. ರಾತ್ರಿ ಎರಡಕ್ಕೆ ಎಚ್ಚರವಾಗುವುದು ಇನ್ನೂ ಪೂರ್ತಿ ನಿಂತಿಲ್ಲ. ಅದಕ್ಕಾಗಿ ತಿಂಗಳಿಗೊಮ್ಮೆ ಬರುತ್ತಾರೆ, ಈಗ ಒಬ್ಬರೇ. ಎಚ್ಚರವಾದಾಗ ಹೆಂಡತಿಯನ್ನು ಎಬ್ಬಿಸುತ್ತೀರಾ ಎಂದು ಕಳೆದ ಸಲ ಕೇಳಿದೆ. "ಎಬ್ಬಸಲ್ರಿ, ಆದ್ರ ಮುಂಜಾನಿ ಹೇಳ್ತೀನಿ" ಎಂದರು.