ಝಿಯೋಲೈಟ್ ಹಾಕಿದ್ರೆ ಯೂರಿಯಾ ಬೇಗ ತೊಳೆದು ಹೋಗಲ್ವಂತೆ, ನಮ್ಮ ಕೆಂಪು ಮಣ್ಣಿಗೆ ಇದು ಆಗುತ್ತಾ? ರಾಕ್ ಫಾಸ್ಫೇಟೂ ಹಾಕಬಹುದಾ?

ಆಗುತ್ತೆ, ಆದ್ರೆ ಪುಡಿ ತಂದು ಸೀದಾ ಹೊಲಕ್ಕೆ ಚೆಲ್ಲಿದ್ರೆ ದುಡ್ಡು ದಂಡ. ನಾನು ಮುಳಬಾಗಿಲು ಕಡೆಯವನು, ಟಮೋಟ ಬೆಳೀತೀನಿ, ನಾಲ್ಕು ಸೀಮೆಹಸು ಇದಾವೆ, ಮಾಡಿ ನೋಡಿದ್ದನ್ನೇ ಹೇಳ್ತೀನಿ.

ಝಿಯೋಲೈಟ್ ಗೊಬ್ಬರ ಅಲ್ಲ, ಅದ್ರಲ್ಲಿ ಸಾರಜನಕನೇ ಇಲ್ಲ. ಅದೊಂಥರ ಕಲ್ಲು, ಕೃಷಿಗೆ ಬಳಸೋದು ಹೆಚ್ಚಾಗಿ ಜ್ವಾಲಾಮುಖಿ ಬೂದಿಯಿಂದ ಆಗಿರೋದು, ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ತೂತು, ಅಮೋನಿಯಂ, ಅಂದ್ರೆ ಯೂರಿಯಾ ಮಣ್ಣಲ್ಲಿ ಮೊದಲು ಬದಲಾಗೋ ರೂಪ, ಹೋಗಿ ಅಲ್ಲಿ ಅಂಟ್ಕೊಳುತ್ತೆ, ಅದನ್ನ ನೈಟ್ರೇಟ್, ಅಂದ್ರೆ ನೀರಲ್ಲಿ ಬೇಗ ತೊಳೆದು ಹೋಗೋ ರೂಪ, ಮಾಡೋ ಬ್ಯಾಕ್ಟೀರಿಯಾ ಆ ತೂತಿಗೆ ತೂರಕ್ಕಾಗಲ್ಲ, ಅದಕ್ಕೇ ನಿಧಾನವಾಗಿ ಬೇರಿಗೆ ಸಿಗೋದು. ಆದ್ರೆ ನೈಟ್ರೇಟನ್ನ ಇದು ಹಿಡಿಯಲ್ಲ. ಯೂರಿಯಾನೂ ಮಣ್ಣಲ್ಲಿ ಅಮೋನಿಯಂ ಆದ್ಮೇಲೇ ಹಿಡಿಯೋದು.

45 ಕೆಜಿ ಯೂರಿಯಾ ಮೂಟೆಲಿ 20 ಕೆಜಿ ಚಿಲ್ಲರೆ ಸಾರಜನಕ ಇರುತ್ತೆ. ನಮ್ ಮರಳುಗೆಂಪು ಮಣ್ಣಿಗೆ ಹಿಡಿಯೋ ಶಕ್ತಿ ಕಮ್ಮಿ, ಜೋರು ಮಳೆ ಬಂದ್ರೆ ಇಲ್ಲಾ ಡ್ರಿಪ್ ಜಾಸ್ತಿ ಬಿಟ್ರೆ ನೈಟ್ರೇಟ್ ಆಗಿರೋದೆಲ್ಲ ಕೆಳಗಿಳಿಯುತ್ತೆ. ಕೋಲಾರ ಜಿಲ್ಲೆಲಿ ಎಷ್ಟೋ ಬೋರ್ ನೀರಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮಿತಿ ದಾಟಿದೆ, ಆ ನೀರನ್ನೇ ನಮ್ ಮಕ್ಕಳು ಕುಡಿಯೋದು, ನಂಗೆ ಗೊಬ್ಬರದ ಖರ್ಚಿಗಿಂತ ಇದೇ ಜಾಸ್ತಿ ಸಂಕಟ.

ನಾನು ಮಾಡೋದು ಹೀಗೆ. ಹಳೇ ಗಂಜಲ ಕಣ್ಣಲ್ಲಿ ನೀರು ಬರೋ ಹಾಗೆ ಘಾಟು ಹೊಡಿಯುತ್ತಲ್ಲ, ಅದು ಅಮೋನಿಯಾ ಗಾಳಿಗೆ ಹೋಗ್ತಿರೋದು. ಆ ಗಂಜಲ ಇರೋ ಡ್ರಮ್ಮಿಗೆ ಝಿಯೋಲೈಟ್ ನುಚ್ಚು ಸುರಿದು ದಿನಕ್ಕೆರಡು ಸಲ ಕೋಲಲ್ಲಿ ತಿರುವ್ತೀನಿ. ಮೊದಲ ಸಲ ಮಾಡಿದಾಗ ಮೂರನೇ ದಿನ ಡ್ರಮ್ಮಿನ ಮೇಲೆ ಬಗ್ಗಿದ್ರೂ ಮೂಗು ಮುಚ್ಕೊಳೋ ಹಾಗಿರಲಿಲ್ಲ. ಆ ನುಚ್ಚನ್ನ ತಿಪ್ಪೆಗೊಬ್ಬರಕ್ಕೆ ಬೆರೆಸಿ, ನಾಟಿಗೆ ಮುಂಚೆ ಸಾಲಲ್ಲಿ ಬೇರು ಇಳಿಯೋ ಆಳಕ್ಕೇ ಹಾಕ್ಬೇಕು, ಮೇಲ್ಮೇಲೆ ಅಲ್ಲ. ಕೊಳ್ಳೋಕೆ ಮುಂಚೆ ಅದ್ರಲ್ಲಿ ಸೋಡಿಯಂ ಎಷ್ಟಿದೆ ಅಂತ ಟೆಸ್ಟ್ ರಿಪೋರ್ಟ್ ಕೇಳಿ, ಜಾಸ್ತಿ ಇರೋದು ಬೇಡ.

ರಾಕ್ ಫಾಸ್ಫೇಟ್, ಅಂದ್ರೆ ರಂಜಕ ಇರೋ ಕಲ್ಲಿನ ಪುಡಿ, ಅದ್ರ ಬಗ್ಗೆನೂ ಕೇಳಿದೀರ. ಅದು ಹುಳಿ ಮಣ್ಣಲ್ಲಿ ಮಾತ್ರ ಚೆನ್ನಾಗಿ ಕರಗೋದು, ಪಿಎಚ್ 7 ದಾಟಿದ್ರೆ ಹಾಕಿದ್ದು ಹಂಗೇ ಕೂತಿರುತ್ತೆ, ಮಣ್ಣು ಪರೀಕ್ಷೆ ಮಾಡಿಸದೆ ತರಬೇಡಿ.

ಇನ್ನು ರೇಟು. ಯೂರಿಯಾಗೆ ಸಬ್ಸಿಡಿ ಇದೆ, ಝಿಯೋಲೈಟಿಗೆ ಇಲ್ಲ, ಹಂಗಾಗಿ ರಾಗಿಗೆ ಗಿಟ್ಟಲ್ಲ, ಟಮೋಟ, ಕ್ಯಾಪ್ಸಿಕಂ, ನರ್ಸರಿ ಟ್ರೇಗಾದ್ರೆ ನೋಡಬಹುದು. ರಾಗಿ ಹೊಲಕ್ಕೆ ನಮ್ ತಾತನ ಕಾಲದಿಂದ ಹೊಡೀತಿದ್ದ ಕೆರೆಗೋಡು ಇದೆಯಲ್ಲ, ಅದ್ರಲ್ಲಿರೋ ಜೇಡಿನೂ ಹೀಗೇ ಅಮೋನಿಯಂ, ಪೊಟ್ಯಾಷ್ ಹಿಡ್ಕೊಳುತ್ತೆ, ಝಿಯೋಲೈಟಿನಷ್ಟಲ್ಲ ಆದ್ರೆ ಟ್ರ್ಯಾಕ್ಟರ್ ಬಾಡಿಗೆಲಿ ಮುಗಿಯುತ್ತೆ. ನಿಮ್ಮೂರ ಕೆರೆಲಿ ಹೂಳು ಎತ್ತುತಿದ್ರೆ ಮೊದಲು ಎರಡು ಲೋಡ್ ಅದನ್ನ ಹೊಡೆಸಿ, ಝಿಯೋಲೈಟನ್ನ ಈ ಬೆಳೆಗೆ ನಾಲ್ಕೇ ಸಾಲಿಗೆ ಹಾಕಿ, ಪಕ್ಕದ ನಾಲ್ಕು ಸಾಲಿಗೆ ಅದನ್ನ ಹಾಕದೆ ಬಿಟ್ಟು ಎಲೆ ಬಣ್ಣ ನೋಡ್ತಾ ಬನ್ನಿ.