ಎಲ್ಲೀ ಕಾರ್ಪೆಂಟರ್ ಹಿಡಿದ ದಾರಿ ಈಗಲೂ ತೆರೆದಿದೆಯೇ?

ನಿಮ್ಮ ಪ್ರಶ್ನೆ ಇದು: ಮೆಲ್ಬರ್ನ್‌ನಲ್ಲಿರುವ ನಿಮ್ಮ ಅಕ್ಕನ ಮಗಳಿಗೆ 14 ವರ್ಷ, ಫುಟ್‌ಬಾಲ್ ಕ್ಲಬ್ಬಿನಲ್ಲಿ ರೈಟ್ ಬ್ಯಾಕ್ (ಬಲಗಡೆಯ ಡಿಫೆಂಡರ್) ಆಡುತ್ತಾಳೆ, ಅದೇ ಜಾಗದಲ್ಲಿ ಆಡುವ ಆಸ್ಟ್ರೇಲಿಯಾದ ಎಲ್ಲೀ ಕಾರ್ಪೆಂಟರ್ ಎಂದರೆ ಅವಳಿಗೆ ಪ್ರಾಣ. ಕಾರ್ಪೆಂಟರ್ ಈ ಮಟ್ಟಕ್ಕೆ ಬಂದದ್ದು ಹೇಗೆ, ಅದೇ ದಾರಿಯಲ್ಲಿ ಇವಳೂ ಹೋಗಬಹುದೇ, ಅವರ ಆಟದಲ್ಲಿ ನೋಡಿ ಕಲಿಯಬೇಕಾದದ್ದು ಏನು?

(ಹೆಸರನ್ನು ಹ್ರಸ್ವದಲ್ಲಿ ಬರೆದರೆ ‘ಎಲ್ಲಿ ಕಾರ್ಪೆಂಟರ್?’ ಎಂದು ಬಡಗಿಯನ್ನು ಹುಡುಕಿಕೊಂಡು ಹೊರಟಂತೆ ಆಗುತ್ತದೆ. ಅದಕ್ಕೇ ದೀರ್ಘ ಕೊಟ್ಟಿದ್ದೇನೆ.)

ನನ್ನ ಉತ್ತರ: ಆಟವನ್ನು ಖಂಡಿತ ಕಲಿಯಬಹುದು. ಆದರೆ ಆ ದಾರಿ ಈಗ ಇಲ್ಲ. ಅವರು ನುಗ್ಗಿ ಹೋದದ್ದು ಫುಟ್‌ಬಾಲ್ ಕ್ಯಾಲೆಂಡರಿನಲ್ಲಿದ್ದ ಒಂದು ಸಂದಿಯಿಂದ. ಅದು ಮುಚ್ಚಿಹೋಗಿದೆ.

ಅವರು ಹುಟ್ಟಿದ್ದು 2000ದ ಏಪ್ರಿಲ್ 28ರಂದು, ನ್ಯೂ ಸೌತ್ ವೇಲ್ಸ್‌ನ ಕೌರಾದಲ್ಲಿ. ಸಿಡ್ನಿಯಿಂದ ಪಶ್ಚಿಮಕ್ಕೆ ಸುಮಾರು 300 ಕಿ.ಮೀ. ದೂರದ ಸಣ್ಣ ಊರು ಅದು. 12ನೇ ವಯಸ್ಸಿಗೆ ಸಿಡ್ನಿಗೆ ಬಂದು ವೆಸ್ಟ್‌ಫೀಲ್ಡ್ಸ್ ಸ್ಪೋರ್ಟ್ಸ್ ಹೈಸ್ಕೂಲ್ ಸೇರಿದರು. 2015–16ರಲ್ಲಿ, ಇನ್ನೂ 15 ವರ್ಷದವರಿದ್ದಾಗ, ವೆಸ್ಟರ್ನ್ ಸಿಡ್ನಿ ವಾಂಡರರ್ಸ್ ಪರ ಆಸ್ಟ್ರೇಲಿಯಾದ ಮಹಿಳಾ ಲೀಗ್ ಆದ ಡಬ್ಲ್ಯು-ಲೀಗ್‌ಗೆ ಇಳಿದರು. ಅದೇ ಋತುವಿನ ಬೆನ್ನಿಗೆ, 2016ರ ಮಾರ್ಚ್ 2ರಂದು, ಒಸಾಕಾದ ಒಲಿಂಪಿಕ್ ಅರ್ಹತಾ ಟೂರ್ನಿಯಲ್ಲಿ ವಿಯೆಟ್ನಾಂ ವಿರುದ್ಧ ರಾಷ್ಟ್ರೀಯ ತಂಡ ಮಟಿಲ್ಡಾಸ್ ಪರ ಮೊದಲ ಪಂದ್ಯ. ಆಸ್ಟ್ರೇಲಿಯಾ 9–0ರಿಂದ ಗೆದ್ದ ಪಂದ್ಯ ಅದು. ಆಗಸ್ಟ್‌ನಲ್ಲಿ ರಿಯೊ ಒಲಿಂಪಿಕ್ಸ್‌ಗೆ ಹೋದಾಗ ವಯಸ್ಸು 16.

ಅಷ್ಟು ಚಿಕ್ಕ ಹುಡುಗಿಯನ್ನು ಡಿಫೆನ್ಸ್‌ನಲ್ಲಿ ನಿಲ್ಲಿಸಲು ಯಾವ ಕೋಚ್‌ಗಾದರೂ ಕೈ ನಡುಗಬೇಕು. ಧೈರ್ಯ ಕೊಟ್ಟದ್ದು ಅವರ ಓಟ. ಇವತ್ತಿನ ರೈಟ್ ಬ್ಯಾಕ್‌ಗೆ ಎರಡು ಕೆಲಸ: ದಾಳಿಯಲ್ಲಿ ವಿಂಗರ್ (ಮೈದಾನದ ಅಂಚಿನಲ್ಲಿ ದಾಳಿ ಮಾಡುವವಳು) ಪಕ್ಕದಿಂದ ಮುಂದೆ ನುಗ್ಗಿ ಗೋಲಿನ ಮುಂದಕ್ಕೆ ಕ್ರಾಸ್ ಕೊಡುವುದು, ಚೆಂಡು ಕೈತಪ್ಪಿದರೆ ವಾಪಸ್ ಓಡಿ ಬಂದು ತನ್ನ ಜಾಗ ಮುಚ್ಚುವುದು. ಮುಂದೆ ಹೋದಾಗ ಹಿಂದೆ 40–50 ಮೀಟರ್ ಬಯಲು ಬಿದ್ದಿರುತ್ತದೆ, ಎದುರಾಳಿ ಲಾಂಗ್ ಬಾಲ್ ಹಾಕುವುದು ಅಲ್ಲಿಗೇ. ಹೆಚ್ಚಿನ ಆಟಗಾರ್ತಿಯರು ಆ ಭಯಕ್ಕೆ ಅರ್ಧ ದಾರಿಯಲ್ಲೇ ನಿಂತುಬಿಡುತ್ತಾರೆ. ಕಾರ್ಪೆಂಟರ್ ನಿಲ್ಲಲಿಲ್ಲ, ಏಕೆಂದರೆ ಅವರು ವಾಪಸ್ ಬರಬಲ್ಲರು. ಚಿಕ್ಕ ವಯಸ್ಸಿನ ತಪ್ಪುಗಳನ್ನು ಆ ರಿಕವರಿ ಓಟವೇ ಮುಚ್ಚಿಹಾಕಿತು ಎಂದು ನನ್ನ ಅಭಿಪ್ರಾಯ. ಮುಚ್ಚದೆ ಹೋದ ಎರಡು ಸಂದರ್ಭಗಳ ಮಾತು ಆಮೇಲೆ ಬರುತ್ತದೆ.

ಈಗ ಆ ಸಂದಿಯ ವಿಷಯ. ಆಗ ಡಬ್ಲ್ಯು-ಲೀಗ್ ಎಂದರೆ ಆಸ್ಟ್ರೇಲಿಯಾದ ಬೇಸಿಗೆಯಲ್ಲಿ ತಂಡಕ್ಕೆ ಬರೀ 12 ಪಂದ್ಯ, ಆಮೇಲೆ ಸೆಮಿಫೈನಲ್, ಫೈನಲ್. ಅಕ್ಟೋಬರ್ ಕೊನೆಗೋ ನವೆಂಬರ್‌ಗೋ ಶುರುವಾದರೆ ಫೆಬ್ರುವರಿ ಹೊತ್ತಿಗೆ ಮುಗಿಯಿತು. ಅದೊಂದರ ಸಂಬಳದಲ್ಲಿ ವರ್ಷ ಕಳೆಯಲು ಆಗುತ್ತಿರಲಿಲ್ಲ. ಅಮೆರಿಕದ ಮಹಿಳಾ ಲೀಗ್ ಎನ್‌ಡಬ್ಲ್ಯುಎಸ್‌ಎಲ್ ಶುರುವಾಗುತ್ತಿದ್ದದ್ದು ವಸಂತದಲ್ಲಿ, ಮುಗಿಯುತ್ತಿದ್ದದ್ದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಎರಡೂ ಒಂದಕ್ಕೊಂದು ತಾಗುತ್ತಿರಲಿಲ್ಲ. ಹಾಗಾಗಿ ಸ್ಯಾಮ್ ಕೆರ್, ಸ್ಟೆಫ್ ಕ್ಯಾಟ್ಲಿ ಮೊದಲಾದ ಮಟಿಲ್ಡಾಸ್ ಆಟಗಾರ್ತಿಯರು ವರ್ಷಕ್ಕೆ ಎರಡು ಲೀಗ್ ಆಡುತ್ತಾ ಬೆಳೆದರು. ಕಾರ್ಪೆಂಟರ್‌ಗೆ ಕಾಯಬೇಕಾಗಿದ್ದದ್ದು ವಯಸ್ಸಿಗೆ ಮಾತ್ರ. 18 ತುಂಬದವರನ್ನು ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದಕ್ಕೆ ವರ್ಗಾಯಿಸಲು ಫಿಫಾ ನಿಯಮ, ಕೆಲವು ವಿನಾಯಿತಿ ಬಿಟ್ಟರೆ, ಬಿಡುವುದಿಲ್ಲ. 2018ರ ಏಪ್ರಿಲ್‌ನಲ್ಲಿ 18 ತುಂಬಿತು, ಅದೇ ಋತುವಿನಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಥಾರ್ನ್ಸ್ ಪರ ಆಡಿ ಗೋಲೂ ಹೊಡೆದರು. ಅಲ್ಲಿಯ ಋತು ಮುಗಿದರೆ ಆಸ್ಟ್ರೇಲಿಯಾದಲ್ಲಿ ಕ್ಯಾನ್‌ಬೆರಾ ಯುನೈಟೆಡ್, ಮತ್ತೆ ಪೋರ್ಟ್‌ಲ್ಯಾಂಡ್, 2019–20ರಲ್ಲಿ ಮೆಲ್ಬರ್ನ್ ಸಿಟಿ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಪ್ರೇಕ್ಷಕರೇ ಇಲ್ಲದ ಮೈದಾನದಲ್ಲಿ ಸಿಟಿ ಫೈನಲ್ ಗೆದ್ದಿತು, ಸಿಡ್ನಿ ಎಫ್‌ಸಿ ವಿರುದ್ಧ 1–0.

ಹೀಗೆ 20 ತುಂಬುವ ಹೊತ್ತಿಗೆ ಅವರ ಕಾಲಿನಲ್ಲಿ ಎಷ್ಟು ಪಂದ್ಯ ಇದ್ದವೋ, ಅಷ್ಟನ್ನು ಬೆಂಚಿನಲ್ಲಿ ಕೂತ ಅದೇ ವಯಸ್ಸಿನ ಯುರೋಪಿನ ಹುಡುಗಿ ಕನಸಿನಲ್ಲೂ ಆಡಿರುವುದಿಲ್ಲ. ಡಿಫೆಂಡರ್‌ಗೆ ಇದು ಮುಖ್ಯ. ಸ್ಟ್ರೈಕರ್ ತರಬೇತಿಯಲ್ಲಿ ಗೋಲಿಗೆ ಹೊಡೆದು ಹೊಡೆದು ಕಲಿಯಬಹುದು, ಆದರೆ ಯಾವಾಗ ಮುಂದೆ ಹೋಗಬೇಕು, ಯಾವಾಗ ಕಾಯಬೇಕು ಎಂಬುದು ನಿಜವಾದ ಪಂದ್ಯದಲ್ಲಿ ಏಟು ತಿಂದೇ ತಿಳಿಯಬೇಕು.

ಈಗ ಡಬ್ಲ್ಯು-ಲೀಗ್ ಹೆಸರು ಎ-ಲೀಗ್ ವಿಮೆನ್. 2023–24ರಿಂದ ಅದು ಪೂರ್ಣ ಪ್ರಮಾಣದ ಲೀಗ್: ಆ ಋತುವಿನಲ್ಲಿ 12 ತಂಡ, ತಲಾ 22 ಪಂದ್ಯ, ಆಮೇಲೆ ಫೈನಲ್ಸ್. ಅತ್ತ ಅಮೆರಿಕದ ಲೀಗ್ ಮಾರ್ಚ್‌ನಿಂದ ನವೆಂಬರ್‌ವರೆಗೆ ಚಾಚಿಕೊಂಡಿದೆ. ಎರಡೂ ಆಡುತ್ತೇನೆ ಎಂದರೆ ಒಂದರ ಅರ್ಧ ಋತು ಬಿಡಬೇಕು. ಇದು ನಷ್ಟವೇನಲ್ಲ, ಎರಡು ಲೀಗ್‌ಗಳ ಓಡಾಟದಲ್ಲಿ ವಿಶ್ರಾಂತಿ ಎಂಬುದೇ ಇರಲಿಲ್ಲ. ಒಂದೇ ಊರಿನಲ್ಲಿದ್ದು ಇಡೀ ಋತು ಆಡುವುದು ದೇಹಕ್ಕೆ ಒಳ್ಳೆಯದು. ನಿಮ್ಮ ಹುಡುಗಿಗೆ ಮೊದಲ ಮೆಟ್ಟಿಲು ವಿಕ್ಟೋರಿಯಾದ ಎನ್‌ಪಿಎಲ್ (ಎ-ಲೀಗ್‌ನ ಕೆಳಗಿನ ರಾಜ್ಯ ಮಟ್ಟದ ಲೀಗ್) ಮಹಿಳಾ ವಿಭಾಗದ ಕಿರಿಯರ ತಂಡ. ಅಲ್ಲಿಂದ ಎ-ಲೀಗ್ ಕ್ಲಬ್ಬಿನ ಕಣ್ಣಿಗೆ ಬೀಳಬೇಕು. ಯುರೋಪು, ಅಮೆರಿಕದ ಮಾತು 18ರ ನಂತರ.

ಕಾರ್ಪೆಂಟರ್ ಫ್ರಾನ್ಸಿನ ಲಿಯೋನ್ ಕ್ಲಬ್ಬಿಗೆ ಹೋದದ್ದು 2020ರಲ್ಲಿ. ಅಲ್ಲಿ ರೈಟ್ ಬ್ಯಾಕ್ ಆಗಿದ್ದ ಇಂಗ್ಲೆಂಡಿನ ಲೂಸಿ ಬ್ರಾನ್ಜ್ ಅದೇ ವರ್ಷ ಕ್ಲಬ್ ಬಿಟ್ಟರು, ಜಾಗ ತೆರವಾಯಿತು. ಇಂಥ ವಿಷಯ ವರ್ಗಾವಣೆ ಸುದ್ದಿಗಳಲ್ಲಿ ಹಿಂದೆ ಉಳಿಯುತ್ತದೆ, ಆದರೆ ಡಿಫೆಂಡರ್‌ನ ವೃತ್ತಿ ನಿರ್ಧಾರವಾಗುವುದು ಹೆಚ್ಚಾಗಿ ಇದರಿಂದಲೇ. ಪಂದ್ಯದ ನಡುವೆ ವಿಂಗರ್‌ನನ್ನು ಬದಲಿಸುವುದು ಮಾಮೂಲು, ಬ್ಯಾಕ್ ಬದಲಿಸುವವರು ಕಡಿಮೆ. ಮುಂದೆ ಇರುವವಳು ಹೋಗದೆ ನಿನಗೆ ಆಟ ಸಿಗುವುದಿಲ್ಲ. ಲಿಯೋನ್‌ನಲ್ಲಿ ಐದು ಋತು, 2022ರಿಂದ 2025ರವರೆಗೆ ಸಾಲಾಗಿ ನಾಲ್ಕು ಫ್ರೆಂಚ್ ಲೀಗ್ ಪ್ರಶಸ್ತಿ. 2025ರ ಜುಲೈನಲ್ಲಿ 2029ರವರೆಗಿನ ಒಪ್ಪಂದಕ್ಕೆ ಸಹಿ ಹಾಕಿ ಇಂಗ್ಲೆಂಡಿನ ಚೆಲ್ಸಿಗೆ ಬಂದರು. ತಮಾಷೆ ನೋಡಿ, ಅಲ್ಲಿ ಆಗಲೇ ಇದ್ದವರು ಅದೇ ಬ್ರಾನ್ಜ್.

2022 ಅವರಿಗೆ ಒಳ್ಳೆಯ ವರ್ಷವಲ್ಲ. ಜನವರಿಯಲ್ಲಿ ಏಷ್ಯಾ ಕಪ್ ನಡೆದದ್ದು ನಮ್ಮಲ್ಲೇ, ಮುಂಬೈ, ನವಿ ಮುಂಬೈ ಮತ್ತು ಪುಣೆಯಲ್ಲಿ. ಮುಂಬೈನಲ್ಲಿ ಇಂಡೊನೇಷ್ಯಾಗೆ 18 ಗೋಲು ಹೊಡೆದ ಆಸ್ಟ್ರೇಲಿಯಾ, ಪುಣೆಯ ಕ್ವಾರ್ಟರ್‌ಫೈನಲ್‌ನಲ್ಲಿ ದಕ್ಷಿಣ ಕೊರಿಯಾಗೆ 0–1ರಿಂದ ಸೋತು ಮನೆಗೆ ಹೋಯಿತು. ಮೇ 21ರಂದು ಟ್ಯೂರಿನ್‌ನಲ್ಲಿ ಬಾರ್ಸಿಲೋನಾ ವಿರುದ್ಧ ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಫೈನಲ್. ಲಿಯೋನ್ 3–1ರಿಂದ ಕಪ್ ಗೆದ್ದಿತು, ಆದರೆ ಮೊದಲ ಕಾಲು ಗಂಟೆಯಲ್ಲೇ ಮಂಡಿಯ ಎಸಿಎಲ್ ಹರಿದು ಕಾರ್ಪೆಂಟರ್ ಹೊರಗೆ ಬಂದಿದ್ದರು.

ಎಸಿಎಲ್ ಎಂದರೆ ಮಂಡಿಯೊಳಗೆ ತೊಡೆಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಓರೆಯಾಗಿ ಕಟ್ಟಿಹಿಡಿದಿರುವ ಅಸ್ಥಿರಜ್ಜು. ಪಾದ ನೆಲಕ್ಕೆ ಕಚ್ಚಿಕೊಂಡಿದ್ದು ಮಂಡಿ ಒಳಗೆ ವಾಲಿ ತಿರುಚಿದರೆ ಹರಿಯುತ್ತದೆ. ಯಾರೂ ತಾಗದೆಯೂ ಆಗಬಹುದು. ಮಹಿಳಾ ಆಟಗಾರ್ತಿಯರಲ್ಲಿ ಪುರುಷರಿಗಿಂತ ಹೆಚ್ಚು. ಶಸ್ತ್ರಚಿಕಿತ್ಸೆಯ ನಂತರದ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ: ಮೊದಲ ವಾರಗಳಲ್ಲಿ ಊತ ಇಳಿಸಿ ಕಾಲು ಪೂರ್ತಿ ನೇರವಾಗುವಂತೆ ಮಾಡುವುದು, ಆಮೇಲೆ ತೊಡೆಯ ಸ್ನಾಯುವಿನ ಬಲ, ಮೂರು–ನಾಲ್ಕು ತಿಂಗಳಿಗೆ ನೇರ ಓಟ, ಅದಾದ ಮೇಲೆ ಜಿಗಿತ, ತಿರುವು, ಕೊನೆಗೆ ಮೈ ತಾಗುವ ಆಟ. ಒಂಬತ್ತು ತಿಂಗಳಿಗಿಂತ ಮುಂಚೆ ಆತುರ ಮಾಡಿದರೆ ಮತ್ತೆ ಹರಿಯುವ ಅಪಾಯ ಹೆಚ್ಚು ಎಂದು ಈಗ ವೈದ್ಯರು ಹೇಳುತ್ತಾರೆ. ಕಾರ್ಪೆಂಟರ್ 2023ರ ಆರಂಭದಲ್ಲಿ ಮೈದಾನಕ್ಕೆ ಮರಳಿದರು, ಜುಲೈನಲ್ಲಿ ತವರಿನ ವಿಶ್ವಕಪ್ ಆಡಿದರು. 14ರ ಹುಡುಗಿಗೆ ಇದರಿಂದ ಬೇಕಾದದ್ದು ಒಂದೇ: ಫಿಫಾ 11+ ವಾರ್ಮ್ ಅಪ್. 15 ವ್ಯಾಯಾಮ, 20 ನಿಮಿಷ, ವಾರಕ್ಕೆ ಕನಿಷ್ಠ ಎರಡು ಸಲ. ಅದರಲ್ಲಿ ಒಂಟಿ ಕಾಲಿನ ಸಮತೋಲ ಮತ್ತು ಜಿಗಿದು ಇಳಿಯುವ ಭಾಗವನ್ನು ಮಕ್ಕಳು ಕಾಟಾಚಾರಕ್ಕೆ ಮಾಡುತ್ತಾರೆ. ಮಂಡಿ ಕಾಲ್ಬೆರಳ ನೇರಕ್ಕೇ ಬಾಗುತ್ತಿದೆಯೇ, ಒಳಗೆ ವಾಲುತ್ತಿದೆಯೇ ಎಂದು ಯಾರಾದರೂ ಎದುರಿಗೆ ನಿಂತು ನೋಡಬೇಕು. ಮೊಬೈಲ್‌ನಲ್ಲಿ ವಿಡಿಯೊ ತೆಗೆದರೂ ಸಾಕು.

ಇನ್ನು ಆ ಎರಡು ತಪ್ಪುಗಳು. ಕಲಿಯಲು ಇವು ಗೆದ್ದ ಪಂದ್ಯಗಳಿಗಿಂತ ಒಳ್ಳೆಯವು.

ಮೊದಲನೆಯದು 2021ರ ಆಗಸ್ಟ್ 2, ಯೊಕೊಹಾಮಾ, ಟೋಕಿಯೊ ಒಲಿಂಪಿಕ್ಸ್ ಸೆಮಿಫೈನಲ್. ಸ್ವೀಡನ್ 1–0 ಮುಂದೆ, ಇಂಜುರಿ ಟೈಮ್. ಸಮಬಲಕ್ಕಾಗಿ ಆಸ್ಟ್ರೇಲಿಯಾದವರೆಲ್ಲ ಮುಂದೆ ಹೋಗಿದ್ದಾರೆ. ಲೀನಾ ಹುರ್ಟಿಗ್ ಒಬ್ಬರೇ ಗೋಲಿನತ್ತ ಹೊರಟಾಗ ಕಾರ್ಪೆಂಟರ್ ತಡೆದು ಬೀಳಿಸಿದರು, ನೇರ ಕೆಂಪು ಕಾರ್ಡ್. ಸ್ಪಷ್ಟವಾದ ಗೋಲಿನ ಅವಕಾಶವನ್ನು ಫೌಲ್‌ನಿಂದ ಕೆಡಿಸಿದರೆ ಹೀಗಾಗುತ್ತದೆ. ರೆಫ್ರಿ ನೋಡುವುದು ನಾಲ್ಕು ಸಂಗತಿ: ಗೋಲಿಗೆ ಎಷ್ಟು ದೂರ, ಓಟದ ದಿಕ್ಕು ಗೋಲಿನತ್ತ ಇದೆಯೇ, ಚೆಂಡು ಅವಳ ಹಿಡಿತಕ್ಕೆ ಸಿಗುತ್ತಿತ್ತೇ, ಅಡ್ಡ ಬರಬಲ್ಲ ಬೇರೆ ಡಿಫೆಂಡರ್ ಇದ್ದರೇ. ಲೆಕ್ಕ ಹಾಕಿದರೆ ಆ ಫೌಲ್ ಉಳಿಸಿದ್ದು ಏನೂ ಇಲ್ಲ. 0–2 ಆದರೂ ಸೋಲೇ, 0–1 ಆದರೂ ಸೋಲೇ. ಕಳೆದುಕೊಂಡದ್ದು ಮೂರು ದಿನದ ನಂತರದ ಕಂಚಿನ ಪದಕದ ಪಂದ್ಯ: ಅಮಾನತಾಗಿ ಹೊರಗಿದ್ದರು, ಆಸ್ಟ್ರೇಲಿಯಾ ಅಮೆರಿಕಕ್ಕೆ 3–4ರಿಂದ ಸೋತಿತು.

ಎರಡನೆಯದು 2023ರ ಆಗಸ್ಟ್ 16, ಸಿಡ್ನಿ, ವಿಶ್ವಕಪ್ ಸೆಮಿಫೈನಲ್. 63ನೇ ನಿಮಿಷದಲ್ಲಿ ಸ್ಯಾಮ್ ಕೆರ್ ದೂರದಿಂದ ಹೊಡೆದು 1–1 ಮಾಡಿದ್ದರು, ಕ್ರೀಡಾಂಗಣ ಹುಚ್ಚೆದ್ದಿತ್ತು. 71ನೇ ನಿಮಿಷದಲ್ಲಿ ಇಂಗ್ಲೆಂಡಿನ ಮಿಲ್ಲಿ ಬ್ರೈಟ್ ಹಿಂದಿನಿಂದ ಒಂದು ಉದ್ದ ಚೆಂಡು ಹಾಕಿದರು. ಅಂಥ ಅಪಾಯಕಾರಿ ಪಾಸೇನಲ್ಲ. ಕಾರ್ಪೆಂಟರ್ ಮುಖ ತಮ್ಮದೇ ಗೋಲಿನ ಕಡೆ, ಚೆಂಡು ಪುಟಿಯುತ್ತಿದೆ, ಬೆನ್ನಿಗೆ ಲಾರೆನ್ ಹೆಂಪ್. ಹೊರಗೆ ಒದೆಯಬಹುದಿತ್ತು, ಚೆಂಡು ನೆಲಕ್ಕೆ ಬೀಳುವ ಮೊದಲೇ ಗೋಲ್‌ಕೀಪರ್‌ಗೆ ಹೆಡ್ ಮಾಡಬಹುದಿತ್ತು. ಮೈ ಅಡ್ಡ ಕೊಟ್ಟು ಕಾಯ್ದುಕೊಳ್ಳಲು ನೋಡಿದರು. ಆ ಅರೆಕ್ಷಣದ ಅನುಮಾನದಲ್ಲಿ ಹೆಂಪ್ ಮುಂದೆ ನುಗ್ಗಿ ಗೋಲು ಹೊಡೆದರು. ಇಂಗ್ಲೆಂಡ್ ಕೊನೆಗೆ 3–1ರಿಂದ ಗೆದ್ದಿತು. ಪುಟಿಯುವ ಚೆಂಡಿಗೆ ಮೈ ಅಡ್ಡ ಕೊಡುವುದು ಸುಲಭವಲ್ಲ, ಅದರ ವೇಗ ನಿಮ್ಮ ಲೆಕ್ಕಕ್ಕೆ ಸಿಗುವುದಿಲ್ಲ. ಉರುಳುವ ಚೆಂಡಾದರೆ ಸರಿ.

ಇದಕ್ಕೆ ಅಭ್ಯಾಸ ಇದೆ. ಮಧ್ಯರೇಖೆಯ ಬಳಿಯಿಂದ ಒಬ್ಬರು ಉದ್ದ ಚೆಂಡು ಹಾಕಲಿ, ಹುಡುಗಿ ಹಿಂದೆ ತಿರುಗಿ ಓಡಲಿ, ಎರಡು ಮೀಟರ್ ಹಿಂದಿನಿಂದ ಇನ್ನೊಬ್ಬಳು ಬೆನ್ನಟ್ಟಲಿ. ಮೊದಲ ಪುಟಿತಕ್ಕೆ ಮುಂಚೆಯೇ ಬಾಯಿಬಿಟ್ಟು ಹೇಳಬೇಕು: ‘ಹೊರಗೆ’, ‘ಕೀಪರ್’ ಅಥವಾ ‘ನಂದು’. ಹೇಳಿದ್ದನ್ನೇ ಮಾಡಬೇಕು, ನಡುವೆ ಬದಲಿಸುವಂತಿಲ್ಲ. ಒಂದು ಸುತ್ತಿಗೆ ಆರು ಚೆಂಡು, ಪ್ರತಿ ಓಟದ ನಡುವೆ ಒಂದೂವರೆ ನಿಮಿಷ ಬಿಡುವು, ಎರಡು ಸುತ್ತು ಸಾಕು. ಬಿಡುವು ಕಡಿಮೆ ಮಾಡಿದರೆ ಅದು ದಣಿವಿನ ಅಭ್ಯಾಸವಾಗುತ್ತದೆ, ವೇಗ ಬೆಳೆಯುವುದಿಲ್ಲ. ಬೆನ್ನಟ್ಟುವಾಗ ಮಕ್ಕಳು ಚೆಂಡಿನ ಹಿಂದೆ ಓಡುತ್ತಾರೆ, ಅದೂ ತಪ್ಪು. ಓಡಬೇಕಾದದ್ದು ಹತ್ತಿರದ ಗೋಲ್ ಕಂಬದ ಕಡೆಗೆ. ಚೆಂಡೂ ಎದುರಾಳಿಯೂ ಬರಬೇಕಾದದ್ದು ಅಲ್ಲಿಗೇ ತಾನೆ.

ನೋಡಲು ಒಂದು ಪಂದ್ಯ ಕೇಳಿದರೆ, 2023ರ ಆಗಸ್ಟ್ 12ರ ಬ್ರಿಸ್ಬೇನ್ ಕ್ವಾರ್ಟರ್‌ಫೈನಲ್, ಫ್ರಾನ್ಸ್ ವಿರುದ್ಧ. 120 ನಿಮಿಷ 0–0. ಎದುರು ತಂಡದ ನಾಯಕಿ ವೆಂಡಿ ರೆನಾರ್ ಲಿಯೋನ್‌ನಲ್ಲಿ ಕಾರ್ಪೆಂಟರ್‌ ಜೊತೆಗೇ ಆಡುತ್ತಿದ್ದವರು. ಪೆನಾಲ್ಟಿ ಶೂಟೌಟ್ 20 ಒದೆತಗಳವರೆಗೆ ಹೋಗಿ ಆಸ್ಟ್ರೇಲಿಯಾ 7–6ರಿಂದ ಗೆದ್ದಿತು. ತಂಡದ ಎಂಟನೇ ಒದೆತ ಕಾರ್ಪೆಂಟರ್ ಅವರದು, ತಪ್ಪಿದರೆ ಸೋಲುವ ಸ್ಥಿತಿ, ಒಳಗೆ ಹಾಕಿದರು. ಅದನ್ನು ಎಲ್ಲರೂ ನೋಡುತ್ತಾರೆ. ನಿಮ್ಮ ಹುಡುಗಿ ಮೊದಲ ಅರ್ಧವನ್ನು ಚೆಂಡು ಬಿಟ್ಟು 21ನೇ ನಂಬರ್ ಒಂದನ್ನೇ ನೋಡಲಿ: ಚೆಂಡು ಎಡಗಡೆ ಕ್ಯಾಟ್ಲಿ ಬಳಿ ಇದ್ದಾಗ ಬಲಗಡೆ ಅವರು ಎಷ್ಟು ಒಳಗೆ ಬಂದು ನಿಲ್ಲುತ್ತಾರೆ, ಎಷ್ಟು ಸಲ ತಲೆ ತಿರುಗಿಸಿ ಬೆನ್ನ ಹಿಂದೆ ನೋಡುತ್ತಾರೆ. ಒಂದು ಹಾಳೆಯಲ್ಲಿ ಗೆರೆ ಎಳೆದು ಎಣಿಸಲಿ.